ಗುರುತು ರೋಗಿಯದು, ತೂಕ ಜನರದು

ಮೊಣಕಾಲಿನ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಗೆ ಕಾಯುತ್ತಿರುವ ಒಬ್ಬರು ಐದು ಪ್ರಶ್ನೆಗಳ ಹಾಳೆ ತುಂಬುತ್ತಾರೆ ಎಂದುಕೊಳ್ಳಿ. ಓಡಾಟದಲ್ಲಿ ಸ್ವಲ್ಪ ತೊಂದರೆ, ಸ್ನಾನ-ಬಟ್ಟೆಗೆ ತೊಂದರೆಯಿಲ್ಲ, ದಿನದ ಕೆಲಸಗಳಲ್ಲಿ ಸ್ವಲ್ಪ ತೊಂದರೆ, ನೋವು ವಿಪರೀತ, ಮನಸ್ಸಿಗೆ ಕಳವಳವಿಲ್ಲ. ಆರೋಗ್ಯದ ಸ್ಥಿತಿ ಅಳೆಯುವ, ಮೂರು ಹಂತಗಳ (ತೊಂದರೆಯಿಲ್ಲ 1, ಸ್ವಲ್ಪ 2, ವಿಪರೀತ 3) ಇಕ್ಯೂ-5ಡಿ ಪ್ರಶ್ನಾವಳಿಯಲ್ಲಿ ಇದನ್ನು 21231 ಎಂದು ಬರೆಯುತ್ತೇವೆ. ನೋಡಲು ಇಪ್ಪತ್ತೊಂದು ಸಾವಿರದ ಇನ್ನೂರ ಮೂವತ್ತೊಂದು. ಆದರೆ ಇದು ಸಂಖ್ಯೆಯಲ್ಲ, ಪಿನ್‌ಕೋಡ್ ಇದ್ದ ಹಾಗೆ ಒಂದು ವಿಳಾಸ. ಐದು ಅಂಶ, ಪ್ರತಿಯೊಂದಕ್ಕೂ ಮೂರು ಹಂತ, ಒಟ್ಟು 243 ವಿಳಾಸಗಳು. ಪಿನ್‌ಕೋಡುಗಳ ಸರಾಸರಿ ತೆಗೆದರೆ ಯಾವ ಊರೂ ಸಿಗದ ಹಾಗೆ ಇವುಗಳ ಸರಾಸರಿಗೂ ಅರ್ಥವಿಲ್ಲ. ಹೀಗಿದ್ದೂ ಎಕ್ಸೆಲ್ ಹಾಳೆಯ ತುದಿಯಲ್ಲಿ ಆ ಕಂಬಸಾಲಿಗೆ ಸರಾಸರಿ ಹಾಕಿಟ್ಟಿರುವುದನ್ನು ಸ್ನಾತಕೋತ್ತರ ಪ್ರಬಂಧಗಳಲ್ಲಿ ಕಾಣಬಹುದು.

ಚಿಕಿತ್ಸೆಯ ಲಾಭವನ್ನು ಲೆಕ್ಕ ಹಾಕಲು ವಿಳಾಸದಿಂದ ಅಂಕಕ್ಕೆ ಹೋಗಬೇಕು, ಅದಕ್ಕೆ ತೂಕದ ಪಟ್ಟಿ ಬೇಕು. ವ್ಯಾಲ್ಯೂ ಸೆಟ್ ಅನ್ನುವುದು ಇದನ್ನೇ. ಬ್ರಿಟನ್ನಿನ 1997ರ ಪಟ್ಟಿ ಹಿಡಿದು ಮಾಡಿ ನೋಡೋಣ. ಪೂರ್ಣ ಆರೋಗ್ಯಕ್ಕೆ 1, ಸಾವಿಗೆ 0. ಐದರಲ್ಲಿ ಒಂದರಲ್ಲಾದರೂ ತೊಂದರೆಯಿದ್ದರೆ ಮೊದಲು 0.081 ಕಳೆಯಬೇಕು. ಓಡಾಟದ 2ನೇ ಹಂತಕ್ಕೆ 0.069, ದಿನದ ಕೆಲಸದ 2ನೇ ಹಂತಕ್ಕೆ 0.036, ನೋವಿನ 3ನೇ ಹಂತಕ್ಕೆ 0.386. ಯಾವುದಾದರೂ ಅಂಶ 3ನೇ ಹಂತ ಮುಟ್ಟಿದ್ದರೆ ಮೇಲೆ ಇನ್ನೊಂದು 0.269. ಎಷ್ಟು ಅಂಶಗಳು 3ಕ್ಕೆ ಹೋಗಿದ್ದರೂ ಇದನ್ನು ಕಳೆಯುವುದು ಒಂದೇ ಸಲ. ಉಳಿಯುವುದು 0.159. ಶಸ್ತ್ರಚಿಕಿತ್ಸೆಯ ನಂತರ ನೋವು 2ನೇ ಹಂತಕ್ಕೆ ಇಳಿದು ಮಿಕ್ಕದ್ದೆಲ್ಲ ಹಾಗೇ ಇದ್ದರೆ ವಿಳಾಸ 21221, ಅಂಕ 0.691. ಒಂದೇ ಒಂದು ಗುರುತು ಒಂದು ಹಂತ ಕೆಳಗಿಳಿದದ್ದಕ್ಕೆ 0.532ರ ವ್ಯತ್ಯಾಸ. ಅದರಲ್ಲಿ ಅರ್ಧಕ್ಕೂ ಹೆಚ್ಚು ಆ 0.269ರದೇ.

ಆ ತೂಕಗಳನ್ನು ಕೊಟ್ಟವರು ಯಾರು ಎಂಬುದು ಇಡೀ ವಿಷಯದ ಬೇರು. ರೋಗಿ ತನ್ನ ಸ್ಥಿತಿಯನ್ನು ಹೇಳುತ್ತಾರೆ, ಅಷ್ಟೇ. ಆ ಸ್ಥಿತಿ ಎಷ್ಟು ಕೆಟ್ಟದ್ದು ಎಂದು ಹೇಳುವವರು ಆ ದೇಶದ ಸಾಮಾನ್ಯ ಜನ. ಅವರನ್ನು ಕೂರಿಸಿ ಕೇಳುವ ರೀತಿಗೆ ಟೈಮ್ ಟ್ರೇಡ್-ಆಫ್ ಎಂದು ಹೆಸರು. ಇಂಥ ಸ್ಥಿತಿಯಲ್ಲಿ 10 ವರ್ಷ ಬದುಕುವುದು, ಪೂರ್ಣ ಆರೋಗ್ಯದಲ್ಲಿ ಅದಕ್ಕಿಂತ ಕಡಿಮೆ ವರ್ಷ ಬದುಕುವುದು, ಇವೆರಡು ಎಷ್ಟು ವರ್ಷಕ್ಕೆ ಸರಿತೂಗುತ್ತವೆ ಎಂದು ಹುಡುಕುತ್ತಾ ಹೋಗುತ್ತಾರೆ. 6 ವರ್ಷಕ್ಕೆ ಸರಿತೂಗಿದರೆ ಆ ಸ್ಥಿತಿಗೆ 0.6. ಸಾವಿಗಿಂತಲೂ ಕೆಟ್ಟದ್ದು ಅನ್ನಿಸಿದ ಸ್ಥಿತಿಗಳಿಗೆ ಸೊನ್ನೆಗಿಂತ ಕೆಳಗಿನ ಅಂಕ ಬರುತ್ತದೆ. ಬ್ರಿಟನ್ನಿನ ಆ ಪಟ್ಟಿಯಲ್ಲಿ 33333ಕ್ಕೆ ಮೈನಸ್ 0.594.

ಭಾರತಕ್ಕೆ ಐದು ಹಂತಗಳ ಆವೃತ್ತಿಯ, ಅಂದರೆ ಇಕ್ಯೂ-5ಡಿ-5ಎಲ್‌ನ, ತನ್ನದೇ ಪಟ್ಟಿ ಬಂದದ್ದು 2022ರಲ್ಲಿ. ಚಂಡೀಗಢದ ಪಿಜಿಐಎಂಇಆರ್ ಸಂಸ್ಥೆಯ ತಂಡದ ನೇತೃತ್ವದಲ್ಲಿ ಐದು ರಾಜ್ಯಗಳ 3548 ವಯಸ್ಕರನ್ನು ಸಂದರ್ಶಿಸಿ ಕಟ್ಟಿದ ಪಟ್ಟಿ ಅದು. ಐದು ಹಂತಗಳಾದ್ದರಿಂದ ವಿಳಾಸಗಳು 3125. ಪೂರ್ಣ ಆರೋಗ್ಯ 1, ಅತಿ ಕೆಟ್ಟ 55555ಕ್ಕೆ ಮೈನಸ್ 0.923. ಅತಿ ಹೆಚ್ಚು ಅಂಕ ಕಳೆಯುವುದು ನೋವಿನ ಅಂಶ. ಭಾರತದಲ್ಲಿ ಚಿಕಿತ್ಸೆಗಳ ವೆಚ್ಚ-ಪ್ರಯೋಜನ ತೂಗಲು 2017ರಲ್ಲಿ ಆರೋಗ್ಯ ಸಂಶೋಧನಾ ಇಲಾಖೆಯಡಿ ಎಚ್‌ಟಿಎಇನ್ ವ್ಯವಸ್ಥೆ ಬಂದ ಮೇಲೆ ಇಂಥ ಪಟ್ಟಿಯ ಕೊರತೆ ದೊಡ್ಡದಾಗಿ ಕಾಣತೊಡಗಿತ್ತು. ನಮ್ಮ ರೋಗಿಗಳ ಗುರುತುಗಳನ್ನು ಬೇರೆ ದೇಶದವರ ತಕ್ಕಡಿಯಲ್ಲಿಟ್ಟು ತೂಗುವುದು ಆಗ ಅನಿವಾರ್ಯವಾಗಿತ್ತು. ಈಗ ಆ ಅನಿವಾರ್ಯ ಇಲ್ಲ. ಆದರೂ ಹಳೆಯ ಪ್ರಬಂಧದ ವಿಧಾನದ ಭಾಗವನ್ನು ನಕಲು ಮಾಡುವಾಗ ಹಳೆಯ ಪಟ್ಟಿಯೂ ಜೊತೆಗೇ ಬಂದುಬಿಡುತ್ತದೆ.

ಮೈನಸ್ 0.594 ಮತ್ತು ಮೈನಸ್ 0.923 ಎರಡನ್ನೂ ಪಕ್ಕಪಕ್ಕ ಇಟ್ಟು ಭಾರತೀಯರಿಗೆ ಕಾಯಿಲೆಯ ಭಯ ಹೆಚ್ಚು ಎಂದು ತೀರ್ಮಾನಿಸುವುದು ತಪ್ಪು. ಪ್ರಶ್ನಾವಳಿಗಳೇ ಬೇರೆ. ಮೂರು ಹಂತದ ಆವೃತ್ತಿಯಲ್ಲಿ ಓಡಾಟದ ಕೊನೆಯ ಹಂತ ಹಾಸಿಗೆ ಹಿಡಿದಿರುವುದು, ಐದು ಹಂತದ್ದರಲ್ಲಿ ನಡೆದಾಡಲು ಆಗದಿರುವುದು. ಸಂದರ್ಶನದ ವಿಧಾನ ಬೇರೆ, ಸೊನ್ನೆಗಿಂತ ಕೆಳಗಿನ ಉತ್ತರಗಳನ್ನು ಲೆಕ್ಕಕ್ಕೆ ಒಗ್ಗಿಸಿದ ರೀತಿ ಬೇರೆ. ಇದೇ ಕಾರಣಕ್ಕೆ ಐದು ಹಂತದ (5ಎಲ್) ಉತ್ತರಗಳಿಗೆ ಮೂರು ಹಂತದ (3ಎಲ್) ಪಟ್ಟಿಯನ್ನು ಹಾಗೇ ಹಾಕುವಂತಿಲ್ಲ. ಐದು ಹಂತದ 3 ಅಂದರೆ ಮಧ್ಯಮ, ಮೂರು ಹಂತದ 3 ಅಂದರೆ ವಿಪರೀತ. ಸಾಫ್ಟ್‌ವೇರ್‌ಗೆ ಈ ಭೇದ ಗೊತ್ತಾಗುವುದಿಲ್ಲ. 4 ಅಥವಾ 5 ಇರುವ ಸಾಲುಗಳಲ್ಲಿ ಖಾಲಿ ಬಿಟ್ಟು, ಉಳಿದವಕ್ಕೆ ತಪ್ಪು ಅಂಕ ಕೊಟ್ಟು ಸುಮ್ಮನಾಗುತ್ತದೆ. ಆರ್, ಸ್ಟೇಟಾದಂಥ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್‌ಗಳಲ್ಲಿ ಲೆಕ್ಕ ಓಡಿಸುವ ಮೊದಲು 11111 ಮತ್ತು 55555 ಎಂಬ ಎರಡು ನಕಲಿ ಸಾಲು ಸೇರಿಸಿ ನೋಡಿ. ಭಾರತದ ಪಟ್ಟಿಯಾದರೆ 1 ಮತ್ತು ಮೈನಸ್ 0.923 ಬರಬೇಕು. ಬರದಿದ್ದರೆ ಪಟ್ಟಿ ತಪ್ಪಿದೆ, ಅಥವಾ ಲೆಕ್ಕದ ಸೂತ್ರ ಹಂತಗಳನ್ನು 1ರ ಬದಲು 0ಯಿಂದ ಎಣಿಸುತ್ತಿದೆ.

ಐದು ಅಂಶಗಳ ಹಂತಗಳನ್ನು ಸುಮ್ಮನೆ ಕೂಡಿ 5ರಿಂದ 25ರವರೆಗೆ ಒಂದು ಮೊತ್ತ ಮಾಡುವ ಪದ್ಧತಿಯೂ ಇದೆ. ತೀವ್ರತೆಯ ಒಂದು ಅಂದಾಜಿಗೆ ಅದು ಸಾಕು. ಆದರೆ ಅಲ್ಲಿ ವಿಪರೀತ ನೋವೂ ವಿಪರೀತ ಓಡಾಟದ ತೊಂದರೆಯೂ ಒಂದೇ ತೂಕ ಪಡೆಯುತ್ತವೆ. ಆ ಮೊತ್ತವನ್ನು 0-1ರ ಅಳತೆಗೆ ಇಳಿಸಿ ಯುಟಿಲಿಟಿ (ಜನರ ತೂಕದಿಂದ ಬಂದ ಅಂಕ) ಎಂದು ಕರೆಯಬೇಡಿ. ಪ್ರಶ್ನಾವಳಿಯ ಕೊನೆಯ 0-100ರ ಮಾಪಕದ ವಿಷಯವೂ ಹಾಗೇ. ಅದು ರೋಗಿಯೇ ತನ್ನ ಆರೋಗ್ಯಕ್ಕೆ ಕೊಟ್ಟ ಅಂಕ, ಬೆಲೆಯುಳ್ಳದ್ದು, ಬೇರೆಯಾಗಿ ವರದಿ ಮಾಡಬೇಕಾದದ್ದು. ನೂರರಿಂದ ಭಾಗಿಸಿದ ಮಾತ್ರಕ್ಕೆ ಅದು ಜನರ ತೂಕವಾಗುವುದಿಲ್ಲ. ಮಾಪಕದ ಮೇಲೆ ಹಾಕಿದ ಗುರುತಿಗೂ ಚೌಕದಲ್ಲಿ ಬರೆದ ಸಂಖ್ಯೆಗೂ ತಾಳೆಯಾಗದಿದ್ದರೆ ಚೌಕದ ಸಂಖ್ಯೆಯನ್ನೇ ತೆಗೆದುಕೊಳ್ಳಬೇಕು. ಒಂದು ಅಂಶಕ್ಕೆ ಎರಡು ಗುರುತು ಬಿದ್ದಿದ್ದರೆ ಅದು ಉತ್ತರವಿಲ್ಲದ್ದಕ್ಕೆ ಸಮ.

ಅಂಕದ ಗುಣ ಕೆಡುವುದು ಹೆಚ್ಚಾಗಿ ಕಂಪ್ಯೂಟರಿನ ಮುಂದಲ್ಲ, ಹೊರರೋಗಿ ವಿಭಾಗದ ಬೆಂಚಿನ ಮೇಲೆ. ಇಕ್ಯೂ-5ಡಿಗೆ ಅಧಿಕೃತ ಕನ್ನಡ ಅನುವಾದ ಇದೆ; ಪ್ರಶ್ನಾವಳಿಯನ್ನು ರೂಪಿಸಿದ ಯೂರೋಕ್ವಾಲ್ ಸಂಸ್ಥೆಯಲ್ಲಿ ಅಧ್ಯಯನವನ್ನು ನೋಂದಾಯಿಸಿ ಅದನ್ನೇ ಪಡೆದು ಬಳಸಬೇಕು. ಓದಲು ಬಾರದವರಿಗೆ ಸಂದರ್ಶಕರು ಓದಿ ಹೇಳುವ ಆವೃತ್ತಿ ಬೇರೆಯೇ ಉಂಟು. ಅರ್ಥವಾಗಲಿಲ್ಲ ಎಂದರೆ ಅದೇ ವಾಕ್ಯವನ್ನು ಮತ್ತೆ ಓದಬೇಕು, ಸ್ವಂತ ವಿವರಣೆ ಕೊಡಬಾರದು. ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಕಲಬುರಗಿಯಲ್ಲಿ ಕೂತ ಸಂದರ್ಶಕಿ ಅಕ್ಕರೆಯಿಂದಲೇ ನೋವನ್ನು ಬ್ಯಾನಿ ಎನ್ನುತ್ತಾಳೆ, ತೊಂದರೆಯನ್ನು ತ್ರಾಸ ಎನ್ನುತ್ತಾಳೆ, ಅದರ ಬೆನ್ನಿಗೇ ‘ಭಾಳ ಇಲ್ಲಲ್ಲಾ?’ ಎಂದು ಸೇರಿಸುತ್ತಾಳೆ. ಪದ ಬದಲಾದದ್ದಕ್ಕಿಂತ ಆ ಕೊನೆಯ ಬಾಲವೇ ಹೆಚ್ಚು ಹಾನಿ ಮಾಡುತ್ತದೆ, ಉತ್ತರ ಒಂದು ಹಂತ ಕೆಳಗೆ ಜಾರುತ್ತದೆ. ಐದು ಹಂತಗಳನ್ನು ಬರೀ ಕಿವಿಯಲ್ಲಿ ಕೇಳಿದವರಿಗೆ ನಡುವಿನ ಎರಡು-ಮೂರು ಹಂತಗಳು ಕಲಸಿಹೋಗುತ್ತವೆ. ಪ್ರತಿ ಅಂಶಕ್ಕೂ ಐದು ಆಯ್ಕೆಯನ್ನು ನಿಧಾನವಾಗಿ ಪೂರ್ತಿ ಓದಲೇಬೇಕು. ಮೊದಲ ಆಯ್ಕೆಗೆ ‘ಹ್ಞೂಂ’ ಎಂದರು ಅಂತ ಮುಂದಕ್ಕೆ ಹೋಗಬಾರದು.

ದಿನದ ಕೆಲಸಗಳ ಪ್ರಶ್ನೆ ನಮ್ಮಲ್ಲಿ ವಿಶೇಷವಾಗಿ ಎಡವುತ್ತದೆ. ‘ನಾನೇನ್ ಕೆಲಸ ಮಾಡ್ತೀನಿ, ಎಲ್ಲಾ ಸೊಸೆ ನೋಡ್ಕೋತಾಳೆ’ ಎನ್ನುವ ಅಜ್ಜಿ ತೊಂದರೆ ಇಲ್ಲ ಎಂದೇ ಗುರುತು ಹಾಕಿಸುತ್ತಾರೆ. ಕಾಯಿಲೆಯಿಂದ ಕೆಲಸ ಬಿಟ್ಟರೋ ವಯಸ್ಸಾಯಿತೆಂದು ಬಿಟ್ಟರೋ ಹಾಳೆಗೆ ತಿಳಿಯದು. ಪ್ರಶ್ನೆಯಲ್ಲೇ ಮನೆಗೆಲಸ, ಕುಟುಂಬದ ಚಟುವಟಿಕೆ, ಬಿಡುವಿನ ಚಟುವಟಿಕೆ ಎಂಬ ಉದಾಹರಣೆಗಳಿವೆ. ಅವನ್ನು ಬಿಡದೆ ಓದಿದರೆ ದೇವಸ್ಥಾನಕ್ಕೆ ಹೋಗುವುದು, ಮೊಮ್ಮಗುವನ್ನು ಎತ್ತಿಕೊಳ್ಳುವುದು ಅವರ ನೆನಪಿಗೆ ತಾನಾಗಿ ಬರುತ್ತದೆ. ಇನ್ನು ಅಜ್ಜಿಯ ಬದಲು ಮಗನೇ ಉತ್ತರ ಹೇಳಿದರೆ ಅದು ಬೇರೆ ದತ್ತಾಂಶ. ಅದಕ್ಕೆ ಪ್ರಾಕ್ಸಿ ಆವೃತ್ತಿಗಳು ಎರಡಿವೆ. ಒಂದರಲ್ಲಿ ಮಗ ತನ್ನ ಕಣ್ಣಿಗೆ ಕಂಡಂತೆ ಹೇಳಬೇಕು, ಇನ್ನೊಂದರಲ್ಲಿ ಅಮ್ಮ ಹೇಳಬಲ್ಲವರಾಗಿದ್ದರೆ ಏನು ಹೇಳುತ್ತಿದ್ದರು ಎಂದು ಊಹಿಸಿ ಹೇಳಬೇಕು. ಯಾರು ಉತ್ತರಿಸಿದರು ಎಂಬ ಒಂದು ಕಂಬಸಾಲು ದತ್ತಾಂಶದಲ್ಲಿ ಇರಲೇಬೇಕು.

ಇಷ್ಟೆಲ್ಲ ಇಕ್ಯೂ-5ಡಿ ಕೈಯಲ್ಲಿದ್ದಾಗಿನ ಮಾತು. ಬಹಳ ಸಲ ಇರುವುದಿಲ್ಲ. ಕ್ಯಾನ್ಸರ್ ಅಧ್ಯಯನದವರು ಇಒಆರ್‌ಟಿಸಿ ಕ್ಯೂಎಲ್‌ಕ್ಯೂ-ಸಿ30 ಎಂಬ 30 ಪ್ರಶ್ನೆಗಳ ಹಾಳೆ ತುಂಬಿಸಿರುತ್ತಾರೆ, ಸಮುದಾಯ ವೈದ್ಯಶಾಸ್ತ್ರದವರು ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಹೂಕಾಲ್-ಬ್ರೆಫ್ ತುಂಬಿಸಿರುತ್ತಾರೆ. ಅವುಗಳ ಅಂಕ ಎಣಿಸುವ ಕೆಲಸ ಬೇರೆ.

ಸಿ30ರಲ್ಲಿ 28 ಪ್ರಶ್ನೆಗಳಿಗೆ 1ರಿಂದ 4, ಕೊನೆಯ ಎರಡಕ್ಕೆ 1ರಿಂದ 7. ದೈಹಿಕ ಸಾಮರ್ಥ್ಯದ ಮೊದಲ ಐದು ಪ್ರಶ್ನೆಗಳಿಗೆ ಉತ್ತರ 2, 2, 3, 1, 1 ಎಂದಿರಲಿ. ಸರಾಸರಿ 1.8. ಅದರಿಂದ 1 ಕಳೆದರೆ 0.8, ವ್ಯಾಪ್ತಿ 3ರಿಂದ ಭಾಗಿಸಿ, ಬಂದದ್ದನ್ನು 1ರಿಂದ ಕಳೆದು, 100ರಿಂದ ಗುಣಿಸಿದರೆ 73.3. ನೋವಿನ ಪ್ರಶ್ನೆಗಳು 9 ಮತ್ತು 19. ಉತ್ತರ 3, 4 ಇದ್ದರೆ ಸರಾಸರಿ 3.5, ಇಲ್ಲಿ 1ರಿಂದ ಕಳೆಯುವ ಹೆಜ್ಜೆ ಇಲ್ಲ, ಅಂಕ 83.3. ಸಾಮರ್ಥ್ಯದ ಅಂಕ ಹೆಚ್ಚಿದಷ್ಟೂ ಒಳ್ಳೆಯದು, ಲಕ್ಷಣದ ಅಂಕ ಹೆಚ್ಚಿದಷ್ಟೂ ಕೆಟ್ಟದ್ದು. ಈ ಎರಡು ದಿಕ್ಕುಗಳನ್ನು ಮರೆತು ಎಲ್ಲವನ್ನೂ ಕೂಡಿ ಸರಾಸರಿ ತೆಗೆದರೆ ಒಂದು ಇನ್ನೊಂದನ್ನು ತಿಂದುಹಾಕುತ್ತದೆ. ಕೊನೆಯ ಎರಡು ಪ್ರಶ್ನೆಗಳಿಗೆ ವ್ಯಾಪ್ತಿ 6 ಎಂಬುದನ್ನೂ ಮರೆಯಬಾರದು: 4 ಮತ್ತು 5ಕ್ಕೆ 58.3. ಒಂದು ಗುಂಪಿನ ಪ್ರಶ್ನೆಗಳಲ್ಲಿ ಅರ್ಧವಾದರೂ ತುಂಬಿದ್ದರೆ ತುಂಬಿದವುಗಳ ಸರಾಸರಿಯನ್ನೇ ಬಳಸಬಹುದು.

ಹೂಕಾಲ್-ಬ್ರೆಫ್‌ನಲ್ಲಿ ಉತ್ತರಗಳು 1ರಿಂದ 5; 3, 4, 26ನೇ ಪ್ರಶ್ನೆಗಳ ಉತ್ತರವನ್ನು 6ರಿಂದ ಕಳೆದು ತಿರುಗಿಸಬೇಕು. ಕ್ಷೇತ್ರದ (ಒಂದೇ ವಿಷಯದ ಪ್ರಶ್ನೆಗಳ ಗುಂಪಿನ) ಸರಾಸರಿಯನ್ನು 4ರಿಂದ ಗುಣಿಸಿದರೆ 4-20ರ ಅಂಕ. ಅದರಿಂದ 4 ಕಳೆದು 16ರಿಂದ ಭಾಗಿಸಿ 100ರಿಂದ ಗುಣಿಸಿದರೆ 0-100. 3, 4ನೇ ಪ್ರಶ್ನೆಗಳನ್ನು ತಿರುಗಿಸಲು ಮರೆತದ್ದು ಪತ್ತೆಯಾಗಬೇಕಾದರೆ ದೈಹಿಕ ಕ್ಷೇತ್ರದ ಕ್ರಾನ್‌ಬಾಕ್ ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) ನೋಡಿ, ಅದು ಕುಸಿದಿರುತ್ತದೆ.

ಈ 73.3, 83.3ಗಳಲ್ಲಿ ಜನರ ತೂಕ ಇಲ್ಲ. ಇವನ್ನು ನೂರರಿಂದ ಭಾಗಿಸಿ ಆಯುಷ್ಯದ ವರ್ಷಗಳಿಗೆ ಗುಣಿಸುವಂತಿಲ್ಲ. ದಾರಿ ಎರಡು. ಒಂದು, ಆ ಪ್ರಶ್ನಾವಳಿಯೊಳಗಿನಿಂದಲೇ ಕೆಲವು ಪ್ರಶ್ನೆಗಳನ್ನು ಆರಿಸಿ, ಅವುಗಳಿಗೆ ಜನರಿಂದ ನೇರ ತೂಕ ಪಡೆದಿರುವ ಅಳತೆ ಬಳಸುವುದು. ಎಸ್‌ಎಫ್-36 ಎಂಬ ಆರೋಗ್ಯ ಪ್ರಶ್ನಾವಳಿಯಿಂದ ಹೊರಟ ಎಸ್‌ಎಫ್-6ಡಿ, ಸಿ30ರಿಂದ ಹೊರಟ ಕ್ಯೂಎಲ್‌ಯು-ಸಿ10ಡಿ ಇಂಥವು. ಅಮೆರಿಕದ ಪ್ರಾಮಿಸ್ ಎಂಬ ಆರೋಗ್ಯ ಅಳತೆಗಳಿಗೆ ಪ್ರಾಪರ್ ಎಂಬ ಅಂಕವಿದೆ. ಆದರೆ ಅದು ಕೇಳುವ ಏಳು ಕ್ಷೇತ್ರಗಳಲ್ಲಿ ಗ್ರಹಿಕೆ-ನೆನಪಿನದೊಂದು. ಪ್ರಾಮಿಸ್-29ರಲ್ಲಿ ಆ ಕ್ಷೇತ್ರವೇ ಇಲ್ಲ. ಹಾಗಾಗಿ ಎರಡು ಪ್ರಶ್ನೆ ಹೆಚ್ಚಿಗೆ ಸೇರಿಸಿದ ಆವೃತ್ತಿ ಬಳಸಬೇಕು, ಇಲ್ಲವೇ ಉಳಿದ ಕ್ಷೇತ್ರಗಳಿಂದ ಅದನ್ನು ಅಂದಾಜಿಸಬೇಕು. ಪ್ರಾಮಿಸ್‌ನ 50 ಅಂದರೆ ಅಮೆರಿಕದ ಜನರ ಸರಾಸರಿ ಎಂಬುದೂ ನೆನಪಿರಲಿ.

ಎರಡನೆಯ ದಾರಿ ಮ್ಯಾಪಿಂಗ್. ಒಂದೇ ರೋಗಿಗಳು ಒಂದೇ ದಿನ ಸಿ30 ಮತ್ತು ಇಕ್ಯೂ-5ಡಿ ಎರಡನ್ನೂ ತುಂಬಿದ ದತ್ತಾಂಶವೊಂದನ್ನು ಹಿಡಿದು, ಮೊದಲನೆಯದರಿಂದ ಎರಡನೆಯದನ್ನು ಊಹಿಸುವ ಸಮೀಕರಣ ಕಟ್ಟಿ, ಅದನ್ನು ಇಕ್ಯೂ-5ಡಿ ಇಲ್ಲದ ಅಧ್ಯಯನಕ್ಕೆ ಹಾಕುವುದು. ಇದು ಎರಡನೇ ದರ್ಜೆಯ ದಾರಿ. ಐದು ಪ್ರಶ್ನೆಗಳ ಒಂದು ಪುಟವನ್ನು ಮೊದಲೇ ಸೇರಿಸಿಬಿಟ್ಟಿದ್ದರೆ ತಪ್ಪುತ್ತಿದ್ದ ಕಷ್ಟ ಇದರಲ್ಲಿದೆ. ಆದರೂ ಹಳೆಯ ದತ್ತಾಂಶಕ್ಕೆ ಬೇರೆ ಗತಿ ಇಲ್ಲ. 5ಎಲ್ ಮತ್ತು 3ಎಲ್ ನಡುವೆಯೇ ಮ್ಯಾಪಿಂಗ್ ಬೇಕಾದ ಉದಾಹರಣೆಯೂ ಇದೆ. 2018ರಲ್ಲಿ ಪ್ರಕಟವಾದ ಇಂಗ್ಲೆಂಡಿನ 5ಎಲ್ ಪಟ್ಟಿಯನ್ನು ಚಿಕಿತ್ಸೆಗಳ ವೆಚ್ಚ-ಪ್ರಯೋಜನ ತೂಗುವ ಅಲ್ಲಿನ ನೈಸ್ ಸಂಸ್ಥೆ ಒಪ್ಪದೆ, 5ಎಲ್ ಉತ್ತರಗಳನ್ನು 3ಎಲ್ ಮೌಲ್ಯಕ್ಕೆ ಮ್ಯಾಪ್ ಮಾಡಿ ಕೊಡಿ ಎಂದಿತು.

ಮ್ಯಾಪಿಂಗಿನ ಮೊದಲ ತೊಡಕು ಕಾಲದ್ದು. ಇಕ್ಯೂ-5ಡಿ ಕೇಳುವುದು ಇಂದಿನ ಸ್ಥಿತಿಯನ್ನು. ಸಿ30ರ ಹೆಚ್ಚಿನ ಪ್ರಶ್ನೆಗಳು ಕಳೆದ ವಾರದ್ದು. ಕೀಮೋ ಹಾಕಿಸಿಕೊಂಡ ಐದನೇ ದಿನ ಎರಡೂ ಹೆಚ್ಚುಕಡಿಮೆ ಒಂದೇ ಮಾತು ಹೇಳಬಹುದು. ಹತ್ತನೇ ದಿನಕ್ಕೆ ವಾರದ ನೆನಪಿನಲ್ಲಿ ವಾಂತಿ ಇನ್ನೂ ಇರುತ್ತದೆ, ಇವತ್ತಿನ ಉತ್ತರದಲ್ಲಿ ಇರುವುದಿಲ್ಲ. ಅಲ್ಲದೆ ವಾಂತಿ, ಹಸಿವಿಲ್ಲದಿರುವುದು, ನಿದ್ರೆ ಕೆಡುವುದು ಇಕ್ಯೂ-5ಡಿಯ ಐದು ಅಂಶಗಳಲ್ಲಿ ನೇರವಾಗಿ ಇಲ್ಲವೇ ಇಲ್ಲ. ಅಲ್ಲಿ ಇಲ್ಲದ್ದನ್ನು ಯಾವ ಸಮೀಕರಣವೂ ಅಲ್ಲಿಗೆ ತಲುಪಿಸದು.

ಎರಡನೆಯದು ಸರಳ ರೇಖೆಯ ಸಮೀಕರಣದ ಸ್ವಭಾವ. ಅದು ಎಲ್ಲರನ್ನೂ ಸರಾಸರಿಯತ್ತ ಎಳೆಯುತ್ತದೆ. ತುಂಬಾ ಕಷ್ಟದಲ್ಲಿರುವವರಿಗೆ ಇರುವುದಕ್ಕಿಂತ ಹೆಚ್ಚು ಅಂಕ, ಚೆನ್ನಾಗಿರುವವರಿಗೆ ಕಡಿಮೆ ಅಂಕ. ಆರ್-ಸ್ಕ್ವೇರ್ (ಅಂಕಗಳ ಏರಿಳಿತದಲ್ಲಿ ಸಮೀಕರಣ ವಿವರಿಸುವ ಪಾಲು) 0.5 ಇದ್ದರೆ ಊಹಿಸಿದ ಅಂಕಗಳ ಮಾನಕ ವಿಚಲನೆ, ಅಂದರೆ ಹರಡಿಕೆ, ಮೂಲದ ಶೇ. 71ಕ್ಕೆ ಇಳಿಯುತ್ತದೆ, 0.25 ಇದ್ದದ್ದು 0.18 ಆಗುತ್ತದೆ. ಒಟ್ಟು ಸರಾಸರಿ ಮಾತ್ರ ಅಚ್ಚುಕಟ್ಟಾಗಿ ತಾಳೆಯಾಗುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ಚಿಕಿತ್ಸೆ ಇರುವುದೇ ಕೆಳಗಿನವರನ್ನು ಮೇಲೆತ್ತಲು. ಕೆಳಗಿನವರನ್ನು ಸಮೀಕರಣವೇ ಮೊದಲು ಮೇಲೆತ್ತಿಟ್ಟರೆ ಚಿಕಿತ್ಸೆಯ ಲಾಭ ಕುಗ್ಗಿ ಕಾಣುತ್ತದೆ. ಆದ್ದರಿಂದ ಒಟ್ಟಾರೆ ತಪ್ಪಿನ ಸರಾಸರಿ ಒಂದನ್ನೇ ವರದಿ ಮಾಡುವುದು ಸಾಲದು, 0.3ಕ್ಕಿಂತ ಕೆಳಗಿನವರು, 0.3ರಿಂದ 0.7ರವರು, ಅದಕ್ಕೂ ಮೇಲಿನವರು ಎಂದು ಬಿಡಿಸಿ ತಪ್ಪನ್ನು ತೋರಿಸಬೇಕು. ಬ್ರಿಟನ್ನಿನ 3ಎಲ್ ಪಟ್ಟಿಯಲ್ಲಿ 1ರ ನಂತರದ ಅಂಕವೇ 0.883. ನಡುವೆ ಯಾರೂ ಇಲ್ಲ. ಸರಳ ರೇಖೆ ಅಲ್ಲಿ ಧಾರಾಳವಾಗಿ 0.94 ಎನ್ನುತ್ತದೆ, ಕೆಲವೊಮ್ಮೆ 1.03 ಎಂದೂ ಹೇಳುತ್ತದೆ. ಈ ಅಂತರ, 1ನ್ನು ದಾಟಲಾಗದ ಈ ಛಾವಣಿ, ಅಂಕಗಳು ಎರಡು-ಮೂರು ಗುಡ್ಡೆಗಳಾಗಿ ಕೂರುವ ರೀತಿ, ಇವಕ್ಕೆಂದೇ ಒಂದೊಂದು ಗುಡ್ಡೆಯನ್ನೂ ಬೇರೆಯಾಗಿ ಹಿಡಿಯುವ ಮಿಶ್ರಣ ಮಾದರಿಗಳು ಬಂದಿವೆ.

ಅಂಕವನ್ನು ಬಿಟ್ಟು ಉತ್ತರಗಳನ್ನೇ ಊಹಿಸುವ ರೆಸ್ಪಾನ್ಸ್ ಮ್ಯಾಪಿಂಗ್ ಇನ್ನೊಂದು ಬಗೆ. ಪ್ರತಿ ಅಂಶಕ್ಕೂ 1, 2, 3ನೇ ಹಂತದ ಸಂಭವನೀಯತೆ ಸಿಗುತ್ತದೆ. ಯಾವ ದೇಶದ ಪಟ್ಟಿ ಬೇಕೋ ಅದನ್ನು ಆಮೇಲೆ ಹಾಕಬಹುದು ಎಂಬುದು ಇದರ ದೊಡ್ಡ ಅನುಕೂಲ. ಎಡವುವುದು ಮುಂದಿನ ಹೆಜ್ಜೆಯಲ್ಲಿ. ಹೆಚ್ಚು ಸಂಭವವಿರುವ ಹಂತವನ್ನೇ ಆರಿಸಿ ವಿಳಾಸ ಕಟ್ಟುವುದು ಸುಲಭ, ಮತ್ತು ತಪ್ಪು. ಒಬ್ಬ ರೋಗಿಗೆ ಐದು ಅಂಶಗಳಲ್ಲಿ 3ನೇ ಹಂತದ ಸಂಭವ ಕ್ರಮವಾಗಿ 0.05, 0.02, 0.10, 0.25, 0.05 ಇರಲಿ. ಯಾವುದೂ ಅರ್ಧ ದಾಟುವುದಿಲ್ಲ. ಅತಿ ಸಂಭವನೀಯ ವಿಳಾಸದಲ್ಲಿ 3 ಬರುವುದೇ ಇಲ್ಲ, 0.269ರ ಕಡಿತವೂ ಇಲ್ಲ. ಆದರೆ ಒಂದರಲ್ಲೂ 3 ಬಾರದಿರುವ ಸಂಭವ 0.95, 0.98, 0.90, 0.75, 0.95ರ ಗುಣಲಬ್ಧ, ಅಂದರೆ 0.597. ಒಂದರಲ್ಲಾದರೂ ಬರುವ ಸಂಭವ 0.403. ಹಾಗಾಗಿ ಸರಾಸರಿಯಲ್ಲಿ 0.108ರಷ್ಟು ಕಳೆಯಲೇಬೇಕಿತ್ತು. 0.081ರ ಕಡಿತಕ್ಕೂ ಇದೇ ಲೆಕ್ಕ. ಸಂಭವನೀಯತೆಗಳನ್ನು ಪೂರ್ತಿ ಬಳಸಿ ನಿರೀಕ್ಷಿತ ಅಂಕ ತೆಗೆಯಿರಿ, ಇಲ್ಲವೇ ಸಾವಿರಾರು ಸಲ ದಾಳ ಉರುಳಿಸಿ ಸರಾಸರಿ ಮಾಡಿ. ಮೇಲಿನ ಗುಣಾಕಾರ ಐದು ಅಂಶಗಳನ್ನು ಒಂದಕ್ಕೊಂದು ಸಂಬಂಧವಿಲ್ಲದವು ಎಂದುಕೊಂಡಿದೆ. ನಿಜದಲ್ಲಿ ನೋವು ಹೆಚ್ಚಿದವರಿಗೆ ಓಡಾಟವೂ ಕಷ್ಟ, 3ಗಳು ಒಬ್ಬರಲ್ಲೇ ಗುಂಪುಗೂಡುತ್ತವೆ, 0.403 ಕೊಂಚ ಇಳಿಯುತ್ತದೆ. ಐದನ್ನೂ ಒಟ್ಟಿಗೆ ಹಿಡಿಯುವ ಮಾದರಿಗಳು ಅದಕ್ಕಾಗಿಯೇ ಇರುವುದು.

ಬೇರೆಯವರ ಸಮೀಕರಣವನ್ನು ಎರವಲು ತರುವಾಗ ನಾಲ್ಕು ಗುಣಾಂಕ ಸಿಕ್ಕರೆ ಸಾಲದು. ಅವರ ರೋಗಿಗಳಲ್ಲಿ ಅತಿ ಕಡಿಮೆ ಸಿ30 ಅಂಕ ಎಷ್ಟಿತ್ತು ನೋಡಿ. ನಿಮ್ಮವರು ಅದಕ್ಕಿಂತ ಕೆಳಗಿದ್ದರೆ ಆ ಸಮೀಕರಣ ಅಲ್ಲಿ ಕುರುಡು. ಗುಣಾಂಕಗಳ ಸಹವಿಚಲನೆಯ (ಅವು ಒಟ್ಟಿಗೆ ಹೇಗೆ ಏರಿಳಿಯುತ್ತವೆ ಎಂಬುದರ) ಕೋಷ್ಟಕವೂ ಬೇಕು. ಅದಿಲ್ಲದೆ ಅನಿಶ್ಚಿತತೆಯನ್ನು ಮುಂದಿನ ಲೆಕ್ಕಕ್ಕೆ ಒಯ್ಯಲಾಗದು; ಊಹಿಸಿದ ಅಂಕವನ್ನು ಅಳೆದ ಅಂಕದಂತೆ ನಡೆಸಿಕೊಂಡರೆ ವಿಶ್ವಾಸಾಂತರ (ನಿಜವಾದ ಬೆಲೆ ಇರಬಹುದಾದ ವ್ಯಾಪ್ತಿ) ಸುಳ್ಳಾಗಿ ಕಿರಿದಾಗುತ್ತದೆ. ಮ್ಯಾಪಿಂಗ್ ಅಧ್ಯಯನಗಳು ಏನೇನು ವರದಿ ಮಾಡಬೇಕೆಂದು ಹೇಳುವ 2015ರ ಮ್ಯಾಪ್ಸ್ ಪಟ್ಟಿ ಇಂಥದ್ದನ್ನೆಲ್ಲ ಪ್ರಕಟಿಸಿ ಎಂದೇ ಕೇಳುತ್ತದೆ.

ಅಂಕ ಬಂದ ಮೇಲೆ ಕ್ವಾಲಿ, ಅಂದರೆ ಗುಣಮಟ್ಟದಿಂದ ತೂಗಿದ ಆಯುಷ್ಯ. ಮೊದಲಿನ ಮೊಣಕಾಲಿನವರು ಶಸ್ತ್ರಚಿಕಿತ್ಸೆಗೆ ಮುಂಚೆ 0.159, ಮೂರು ತಿಂಗಳಿಗೆ 0.691, ವರ್ಷಕ್ಕೂ 0.691. ಮೊದಲ ಕಾಲು ವರ್ಷಕ್ಕೆ ಎರಡು ಅಂಕಗಳ ಸರಾಸರಿ 0.425, ಗುಣಿಸಿದರೆ 0.106. ಉಳಿದ ಮುಕ್ಕಾಲು ವರ್ಷಕ್ಕೆ 0.518. ಒಟ್ಟು 0.624. ಮೂರು ತಿಂಗಳ ಭೇಟಿಯಲ್ಲಿ ಹಾಳೆ ತುಂಬಿಸದೇ ಇದ್ದಿದ್ದರೆ ಲೆಕ್ಕ 0.425ಕ್ಕೆ ನಿಲ್ಲುತ್ತಿತ್ತು. ಅದೇ ರೋಗಿ, ಅದೇ ಮೊಣಕಾಲು, 0.2 ಕ್ವಾಲಿ ಮಾಯ. ಬೇಗ ಬದಲಾಗುವ ಕಾಲದಲ್ಲಿ ಅಳತೆಗಳು ದಟ್ಟವಾಗಿರಬೇಕು, ಸ್ಥಿರವಾದ ಮೇಲೆ ವಿರಳವಾದರೂ ನಡೆಯುತ್ತದೆ. ಎರಡು ಗುಂಪುಗಳನ್ನು ಹೋಲಿಸುವಾಗ ಆರಂಭದ ಅಂಕವನ್ನು ಹಿಂಚಲನ ಸಮೀಕರಣದಲ್ಲಿ ಸೇರಿಸಲೇಬೇಕು. ಆರಂಭದಲ್ಲಿ 0.03 ಮುಂದಿದ್ದ ಗುಂಪು ವರ್ಷವಿಡೀ ಆ ಮುನ್ನಡೆಯನ್ನು ಹೊತ್ತುಕೊಂಡೇ ಬರುತ್ತದೆ.

ಖಾಲಿ ಹಾಳೆಗಳ ವಿಷಯದಲ್ಲಿ ಒಂದು ಗಟ್ಟಿ ಮಾತು. ಆರನೇ ತಿಂಗಳಿಗೆ ಬಾರದವರು ಹೆಚ್ಚಾಗಿ ಬರಲಾಗದಷ್ಟು ಬಳಲಿದವರು, ಇಲ್ಲವೇ ಬಸ್ಸಿನ ದುಡ್ಡಿಲ್ಲದವರು. ಬಂದವರ ಸರಾಸರಿಯನ್ನು ಅವರ ಜಾಗಕ್ಕೆ ತುಂಬಿದರೆ ಇಬ್ಬರಿಗೂ ಅನ್ಯಾಯ. ಬಹು-ಆರೋಪಣೆ (ಖಾಲಿ ಜಾಗಕ್ಕೆ ಸಾಧ್ಯವಿರುವ ಅಂಕಗಳನ್ನು ಹಲವು ಸಲ ಊಹಿಸಿ ತುಂಬುವುದು) ಮಾಡಿ, ಎರಡು ಚಿಕಿತ್ಸಾ ಗುಂಪುಗಳಿಗೆ ಬೇರೆ ಬೇರೆಯಾಗಿ ಮಾಡಿ, ಆರಂಭದ ಅಂಕ, ವಯಸ್ಸು, ರೋಗದ ಹಂತ, ಊರಿನ ದೂರ ಎಲ್ಲವನ್ನೂ ಸಮೀಕರಣದೊಳಕ್ಕೆ ಬಿಡಿ. ತೀರಿಕೊಂಡವರ ಹಾಳೆ ಖಾಲಿ ಹಾಳೆಯಲ್ಲ. ಅವರಿಗೆ ತೀರಿಕೊಂಡ ದಿನದಿಂದ ಅಂಕ 0, ಆರೋಪಣೆ ಬೇಡ. ಇದಕ್ಕೆ ತಾರೀಖು ಬೇಕು, ತಾರೀಖಿಗೆ ಮನೆಯವರಿಗೆ ಫೋನ್ ಮಾಡಬೇಕು. ಆ ಫೋನಿನಲ್ಲಿ ಪ್ರಶ್ನಾವಳಿ ತೆಗೆಯಬಾರದು. ತಾರೀಖು ಕೇಳಿ, ಅವರು ಹೇಳಬೇಕೆಂದಿದ್ದನ್ನು ಕೇಳಿಸಿಕೊಂಡು, ಇಡಬೇಕು.